ಮೂರು ಚುಕ್ಕಿಯ ಕತ್ತಿ

ಹೋದ ವಾರ ಮೊಮ್ಮಗ ಒಂದು ಹೊಸ ರೇಜರ್ ತಂದ. ರಟ್ಟಿನ ಮೇಲೆ ಪ್ಲಾಸ್ಟಿಕ್ ಮುಚ್ಚಿ ಅಂಟಿಸಿದ್ದ ಮಾಲು. ದುಬಾರಿ ರೇಜರಿಗೆ ಹೆಸರಾದ ಕಂಪನಿಯಂತೆ, ಈಗ ಎಲ್ಲರಿಗೂ ಎಟುಕಲಿ ಅಂತ ಕಡಿಮೆ ಬೆಲೆಯದೊಂದನ್ನು ಬಿಟ್ಟಿದೆಯಂತೆ. ಹಿಡಿ ನೋಡಿದರೆ ಥಳಥಳ, ಅದರ ಮೇಲೆ ಕಂಪನಿಯ ಹೆಸರು ಬೇರೆ ಬೆಳ್ಳಿ ಬಣ್ಣದಲ್ಲಿ. ಮೂರನೇ ದಿನಕ್ಕೆ ಕೂದಲು ಕತ್ತರಿಸುವ ಬದಲು ಕೀಳತೊಡಗಿತು. 'ಈ ಬೆಲೆಗೆ ಇಷ್ಟೇ ತಾತ, ಚೆನ್ನಾಗಿರೋದು ಬೇಕಂದ್ರೆ ಇದರ ಮೇಲಿಂದು ತಗೋಬೇಕು' ಅಂದ ಅವನು, ಅದೇ ನ್ಯಾಯ ಅನ್ನುವ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು.

ಬಂಗಾರಪೇಟೆ ಸ್ಟೇಷನ್ ಹತ್ತಿರ ಕೈ ನಡುಗುವವರೆಗೂ ಕ್ಷೌರದಂಗಡಿ ನಡೆಸಿದವನು ನಾನು. ಅಲಗಿನಲ್ಲಿ ಕದ್ದು ಹಿಡಿಗೆ ಹೊಳಪು ಬಳಿದರೆ ನನಗೆ ತಿಳಿಯುವುದಿಲ್ಲವೇ? ಕಡಿಮೆ ಕೊಟ್ಟವನ ಕೆನ್ನೆ ಏನು ಕೆನ್ನೆಯಲ್ಲವೇ? ಹೆಂಡತಿ ಬೇಡ ಬೇಡ ಅಂದರೂ ಕೇಳದೆ ಅಟ್ಟದ ಟ್ರಂಕು ಇಳಿಸಿ, ತಳದಲ್ಲಿದ್ದ ಬಟ್ಟೆಗಂಟನ್ನು ತೆಗೆದೆ. ಬಿಚ್ಚುವ ಮೊದಲೇ ಹರಳೆಣ್ಣೆಯ ವಾಸನೆ ಬಂತು. ಅದರ ಜೊತೆಗೆ ಉರಿಗಾಂ ಮೇಸ್ತ್ರಿ ಬಂದು ಕಣ್ಣ ಮುಂದೆ ಕೂತರು...

ಬಿಳಿ ದೊರೆಗಳು ಒಬ್ಬೊಬ್ಬರಾಗಿ ಬಂಗಲೆ ಖಾಲಿ ಮಾಡಿಕೊಂಡು ಹೋಗುತ್ತಿದ್ದ ಕಾಲ ಅದು. ಮೇಸ್ತ್ರಿ ಚಿನ್ನದ ಗಣಿಯ ಕುಲುಮೆಯಲ್ಲಿ ದುಡಿದು ಬಿಟ್ಟವರು. ಉರಿಗಾಂನ ಕೊನೆಯಲ್ಲಿ ತಗಡಿನ ಚಪ್ಪರ ಹಾಕಿಕೊಂಡು ಕ್ಷೌರದ ಕತ್ತಿ ಮಾಡುತ್ತಿದ್ದರು. ಗುಜರಿಯಲ್ಲಿ ಸಿಗುವ, ಕಬ್ಬಿಣ ಉಜ್ಜಿ ಸವೆದ ಅರಗಳನ್ನು ಆರಿಸಿ ತಂದು, ಕಾಯಿಸಿ, ಬಡಿದು, ಹದ ಕೊಟ್ಟು, ಸಾಣೆಗೆ ಹಿಡಿದು... ಒಂದೊಂದಕ್ಕೆ ವಾರಗಟ್ಟಲೆ. ಎಮ್ಮೆಕೊಂಬಿನ ಹಿಡಿ. ಅಲಗಿನ ಬೆನ್ನನ್ನು ಮುಖ ಕಾಣುವ ಹಾಗೆ ಉಜ್ಜುತ್ತಿದ್ದರು. ಹಿಡಿ ಸೇರುವ ಕಡೆ, ಅಲಗಿನ ಮೇಲೆ, ಸಾಲಾಗಿ ಮೂರು ಚುಕ್ಕಿ ಕೊರೆಯುತ್ತಿದ್ದರು. ಅದೇ ಅವರ ಗುರುತು. ವಿಲಾಯಿತಿ ಕತ್ತಿಯನ್ನು ಪಕ್ಕಕ್ಕಿಟ್ಟು ಇದನ್ನು ಹಿಡಿದವರನ್ನು ನಾನೇ ಕಂಡಿದ್ದೇನೆ.

ಅವರದೊಂದು ಕಟ್ಟುಪಾಡಿತ್ತು. ಕತ್ತಿ ಬೇಕು ಅಂತ ಹೋದವನು ಅದರಿಂದ ಮೊದಲು ಮೇಸ್ತ್ರಿಯ ಗಡ್ಡವನ್ನೇ ತೆಗೆಯಬೇಕು. ಕಣ್ಣು ಮುಚ್ಚಿ ಕೂರುತ್ತಿದ್ದರು. ಆಮೇಲೆ ಕೆನ್ನೆ ಸವರಿಕೊಂಡು, ಕೈ ಸರಿಯಿದ್ದರೆ ಕೊಡುವುದು, ಇಲ್ಲದಿದ್ದರೆ ವಾಪಸ್ ಕಳಿಸುವುದು. ಎಷ್ಟು ದುಡ್ಡು ತೋರಿಸಿದರೂ ಅಷ್ಟೇ. ನನ್ನನ್ನೂ ಮೊದಲ ಸಲ ಕಳಿಸಿಬಿಟ್ಟರು. 'ಇನ್ನೊಂದ್ ವರ್ಸ ಕೈ ಪಳಗ್ಲಿ, ಬಾ' ಅಂದರು. ಮರುವರ್ಷ ಹೋಗಿ ಗೆದ್ದುಕೊಂಡು ಬಂದೆ. ನನ್ನ ಕೊಬ್ಬು ಆವತ್ತಿನಿಂದ ಶುರುವಾಯಿತು ನೋಡಿ. ಮದುವೆ ಮನೆಯವರು ಗಂಡಿಗೆ ಕ್ಷೌರ ಮಾಡಿಸುವಾಗ ಮೂರು ಚುಕ್ಕಿಯವನೇ ಬರಲಿ ಅನ್ನುತ್ತಿದ್ದರು. ಬಂಗಾರಪೇಟೆಯಲ್ಲಿ ಆ ಕತ್ತಿ ಇದ್ದದ್ದು ನಾವು ಏಳು ಜನರ ಹತ್ತಿರ. ಬೀದಿಯಲ್ಲಿ ನಡೆಯುವುದೇ ಬೇರೆ ಥರ ಆಗಿಬಿಟ್ಟಿತ್ತು.

ಒಂದು ದಿನ ಬೂದಿಕೋಟೆ ಕಡೆಯ ಒಬ್ಬ ಮೇಸ್ತ್ರಿಯ ಹತ್ತಿರ ಹೋದನಂತೆ. ನನ್ನದೇ ವಯಸ್ಸು, ಎರಡು ಮಕ್ಕಳ ತಂದೆ. ಹೊಂಗೆಮರದ ಕೆಳಗೆ ಕೂತು ಸುತ್ತಲಿನ ಹಳ್ಳಿಗೆಲ್ಲ ಕ್ಷೌರ ಮಾಡಿ, ವರ್ಷಕ್ಕೊಮ್ಮೆ ಮನೆಮನೆಯಿಂದ ರಾಗಿ ಪಡೆಯುವವನು. ಅವನು ಗಡ್ಡ ತೆಗೆದ ಮೇಲೆ ಕೆನ್ನೆ ಸವರಿಕೊಂಡು ಮೇಸ್ತ್ರಿ ಮಾತೇ ಆಡಲಿಲ್ಲವಂತೆ, ಅಂಥ ಕೈ. ಆದರೆ ಕೊಂಬಿನ ಹಿಡಿಯ ಕತ್ತಿ ಕೊಳ್ಳುವ ಶಕ್ತಿ ಅವನಿಗೆಲ್ಲಿ ಬರಬೇಕು? ಬರಿಗೈಲಿ ಹೋದ. ಮೇಸ್ತ್ರಿ ಅದನ್ನೇ ಮನಸ್ಸಿಗೆ ಹಚ್ಚಿಕೊಂಡು, ಕಡಿಮೆ ಬೆಲೆಯ ಕತ್ತಿ ಮಾಡಲು ಕೂತರು. ಕೊಂಬು ಬಿಟ್ಟು ಹೊಂಗೆಮರದ ಹಿಡಿ. ಬೆನ್ನು ಉಜ್ಜಲಿಲ್ಲ, ಕುಲುಮೆಯ ಕಪ್ಪು ಹಾಗೇ ಉಳಿಯಿತು. ಆದರೆ ಅದೇ ಅರದ ಉಕ್ಕು, ಅದೇ ಹದ, ಅದೇ ಸಾಣೆ. ಚುಕ್ಕಿಯೂ ಅವೇ ಮೂರು.

ಸುದ್ದಿ ಬಂಗಾರಪೇಟೆ ಮುಟ್ಟಿತು. ನಮಗೆ ಬೆಂಕಿ ಬಿದ್ದ ಹಾಗಾಯಿತು. ಏಳೂ ಜನ ನನ್ನ ಅಂಗಡಿಯಲ್ಲೇ ಸೇರಿದೆವು. ನಾವು ವರ್ಷಗಟ್ಟಲೆ ಕಾದು ತಂದದ್ದು, ಮರದ ಕೆಳಗೆ ಕೂರುವವನಿಗೂ ಅದೇ ಗುರುತೇ ಅಂದೆವು. ನಾಳೆ ಮದುವೆ ಮನೆಯಲ್ಲಿ ನಮ್ಮನ್ನು ಯಾರು ಕೇಳುತ್ತಾರೆ ಅಂದೆವು. ಮಾತನಾಡಲು ನನ್ನನ್ನೇ ಮುಂದೆ ಬಿಟ್ಟರು. ನನಗೆ ಅದು ಬೇರೆ ಹೆಮ್ಮೆ, ಥೂ.

ಮಂಗಳವಾರ ಅಂಗಡಿಗೆ ರಜ. ಬೆಳಗಿನ ರೈಲು ಹತ್ತಿ ಉರಿಗಾಂಗೆ ಹೋದೆವು. ಬೂದಿಕೋಟೆಯವನೂ ಆವತ್ತೇ ಬಂದು ಚಪ್ಪರದ ಅಂಚಿನಲ್ಲಿ ಟವೆಲು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಕತ್ತಿ ಒಯ್ಯಲು ಬರಹೇಳಿದ್ದರಂತೆ. ಅವನ ಎದುರಿಗೇ ನಾನು ಶುರು ಮಾಡಿದೆ. ಅಗ್ಗದ್ದು ಮಾಡುವುದಾದರೆ ಮಾಡಿ ಮೇಸ್ತ್ರಿ, ಚುಕ್ಕಿ ಮಾತ್ರ ಹಾಕಬೇಡಿ, ಹಾಕಿದರೆ ನಮ್ಮ ಕತ್ತಿಗಳನ್ನು ಇಲ್ಲೇ ಬಿಸಾಕಿ ಹೋಗುತ್ತೇವೆ ಅಂದೆ. ಅಪ್ಪನ ವಯಸ್ಸಿನವರಿಗೆ ಆಡುವ ಮಾತೇ ಅದು?

ಅವರು ಸಿಟ್ಟಾಗಲಿಲ್ಲ. 'ಚುಕ್ಕಿ ಕೊಂಬಿಗಲ್ಲ ಕಣಪ್ಪಾ, ಅಲಗಿಗೆ. ಅಲಗು ಒಂದೇ ಆದ್ಮೇಲೆ ಚುಕ್ಕಿ ಎಂಗೆ ಬಿಡ್ಲಿ?' ಅಂದರು.

ಒಂದೇ ಆಗಲು ಸಾಧ್ಯವೇ ಇಲ್ಲ ಅಂತ ನಾವು ಏಳು ಬಾಯಿಯಲ್ಲಿ ಕೂಗಿದೆವು. ಆಗ ಅವರು ಒಂದು ಮಾತು ಕೊಟ್ಟರು. ಎರಡು ಕತ್ತಿ ತರುತ್ತೇನೆ, ಹಿಡಿಗೂ ಬೆನ್ನಿಗೂ ಬಟ್ಟೆ ಸುತ್ತಿರುತ್ತೇನೆ, ಒಂದರಲ್ಲಿ ಎಡಗೆನ್ನೆ, ಇನ್ನೊಂದರಲ್ಲಿ ಬಲಗೆನ್ನೆ ಮಾಡು, ಅಗ್ಗದ್ದು ಯಾವುದು ಅಂತ ನಿನ್ನ ಕೈಗೆ ಗೊತ್ತಾದರೆ ಇನ್ನು ಅದನ್ನು ಮುಟ್ಟುವುದಿಲ್ಲ ಅಂದರು. ಒಳಗೆ ಹೋಗಿ ತಂದರು. ಎಂದಿನ ಹಾಗೆ ಕಣ್ಣು ಮುಚ್ಚಿ ಕೂತರು.

ನಾನು ಸೋಪು ಹಚ್ಚಿ ಎಡಗೆನ್ನೆಗೆ ಕತ್ತಿ ಇಟ್ಟೆ. ಬೆಣ್ಣೆಯ ಮೇಲೆ ಜಾರಿದ ಹಾಗೆ ಜಾರಿತು. ಬಲಗೆನ್ನೆಗೆ ಇನ್ನೊಂದನ್ನು ಇಟ್ಟೆ. ಅದೇ ಜಾರು, ಅದೇ ಸಣ್ಣ ಸದ್ದು. ಗದ್ದದ ತಿರುವಿನಲ್ಲಿ ಬೇಕಂತಲೇ ಅಡ್ಡ ಎಳೆದು ನೋಡಿದೆ, ಕುತ್ತಿಗೆಯ ಸುಳಿಯಲ್ಲಿ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನ್ನ ಕೈಗೆ ಚೆನ್ನಾಗಿ ಗೊತ್ತಾಯಿತು, ಎರಡೂ ಒಂದೇ. ತಲೆಯೆತ್ತಿದರೆ ಆರು ಜನ ನನ್ನ ಬಾಯನ್ನೇ ನೋಡುತ್ತಿದ್ದಾರೆ. ಮುಂದಿನ ತಿಂಗಳು ಮದುವೆಗಳು ಶುರು.

'ಎಡಗಡೇದು ಅಗ್ಗದ್ದು' ಅಂದೆ. 'ಎಳೀತೈತೆ.'

ಮೇಸ್ತ್ರಿ ಕಣ್ಣು ಬಿಟ್ಟು ಎರಡೂ ಕೆನ್ನೆ ನಿಧಾನವಾಗಿ ಸವರಿಕೊಂಡರು. ನನ್ನನ್ನೇ ನೋಡುತ್ತ ಹೇಳಿದರು: 'ಇನ್ನೊಂದ್ಸಲ ಯೋಚ್ನೆ ಮಾಡಿ ಯೋಳಪ್ಪಾ. ನಿನ್ ಕೈ ಏನಂತೈತೋ ಅದ್ನ ಯೋಳು.'

ನಾನು ಅದನ್ನೇ ಮತ್ತೆ ಹೇಳಿದೆ. ಈ ಸಲ ಇನ್ನೂ ಜೋರಾಗಿ.

ಸುತ್ತಿದ ಬಟ್ಟೆಯನ್ನು ಅವರು ಬಿಚ್ಚಲೇ ಇಲ್ಲ. ಬಿಚ್ಚಿ ತೋರಿಸಿ ಅಂತ ನಮ್ಮವರು ಯಾರೂ ಕೇಳಲೂ ಇಲ್ಲ, ಗೆದ್ದವರಿಗೆ ಅದೆಲ್ಲ ಯಾಕೆ? ಎರಡನ್ನೂ ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಬೂದಿಕೋಟೆಯವನ ಕಡೆ ತಿರುಗಿ, 'ಓಗಪ್ಪಾ, ಇನ್ ಮಾಡಕಿಲ್ಲ' ಅಂದರು. ಅವನು ಎದ್ದು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ. ನಾವು ರಾಬರ್ಟ್‌ಸನ್‌ಪೇಟೆಗೆ ಹೋಗಿ ಹೋಟೆಲಲ್ಲಿ ಮಸಾಲೆದೋಸೆ ತಿಂದೆವು. ನನ್ನ ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ ಪುಣ್ಯಾತ್ಮರು.

ಮೇಸ್ತ್ರಿ ಆಮೇಲೆ ಕೊಂಬಿನದನ್ನೂ ಮಾಡಲಿಲ್ಲ. ಹೊಸದು ಕೇಳಿಕೊಂಡು ಹೋದವರಿಗೆ ಕುಲುಮೆ ಆರಿಸಿದ್ದೀನಿ ಅಂದರಂತೆ. ನಾವು ಏಳು ಜನ ಮದುವೆ ಮನೆಗಳಲ್ಲಿ ಮೆರೆದದ್ದು ಎಷ್ಟು ದಿನ? ನಾಲ್ಕು ವರ್ಷವೂ ಇಲ್ಲ. ಬ್ಲೇಡು ಬಂತು, ಗಂಡುಗಳು ತಾವೇ ಕೆರೆದುಕೊಂಡು ಹಸೆಗೆ ಕೂರತೊಡಗಿದರು. ಆ ಬೂದಿಕೋಟೆಯವನನ್ನು ಒಮ್ಮೆ ನಮ್ಮ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನಲ್ಲಿ ಕಂಡೆ, ಕಡಲೆಕಾಯಿ ಮೂಟೆ ಹೊರುತ್ತಿದ್ದ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಮೇಸ್ತ್ರಿಯ ಬಾಯಿ ಕಟ್ಟಿಸಿದ ಕೈ ಅದು, ಮೂಟೆಗೆ ಕೊಕ್ಕೆ ಹಾಕುತ್ತಿತ್ತು.

ಮೇಸ್ತ್ರಿ ತೀರಿಕೊಂಡ ವಿಷಯ ನನಗೆ ತಿಳಿದದ್ದು ತಿಥಿಯೆಲ್ಲ ಮುಗಿದ ಮೇಲೆ. ಹೋದಾಗ ಅವರ ಹೆಂಡತಿ ಒಳಗಿನಿಂದ ಒಂದು ಬಟ್ಟೆಗಂಟು ತಂದು ಕೈಗಿಟ್ಟರು. 'ನಿಂಗೇ ಕೊಡು ಅಂದಿದ್ರು ಕಣಪ್ಪಾ. ಇಲ್ ಬಿಚ್ಚೋದ್ ಬ್ಯಾಡ, ಮನೇಗೋಗಿ ಒಬ್ನೇ ನೋಡ್ಕೊಳ್ಲಿ ಅಂದ್ರು.'

ಮನೆಗೆ ಬಂದು ಬಾಗಿಲು ಹಾಕಿ ಬಿಚ್ಚಿದೆ. ಆವತ್ತಿನ ಅದೇ ಎರಡು ಕತ್ತಿ, ಸುತ್ತಿದ ಬಟ್ಟೆಯೂ ಅದೇ. ತುಕ್ಕು ಹಿಡಿಯದ ಹಾಗೆ ಇಷ್ಟು ವರ್ಷವೂ ಹರಳೆಣ್ಣೆ ಸವರುತ್ತ ಬಂದಿದ್ದಾರೆ. ಬಟ್ಟೆಯ ಸುತ್ತು ಬಿಡಿಸಿದೆ. ಒಂದರದು ಹೊಂಗೆಮರದ ಹಿಡಿ. ಇನ್ನೊಂದನ್ನು ಬಿಡಿಸಿದೆ. ಅದರದೂ ಹೊಂಗೆಮರದ ಹಿಡಿ. ಎರಡರ ಬೆನ್ನೂ ಕಪ್ಪು, ಎರಡರ ಮೇಲೂ ಮೂರು ಚುಕ್ಕಿ. ಆವತ್ತು ಕೊಂಬಿನ ಕತ್ತಿಯನ್ನು ಅವರು ಹೊರಗೆ ತಂದೇ ಇರಲಿಲ್ಲ.

ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ಅವರಿಗೆ ಆ ಕ್ಷಣವೇ ಗೊತ್ತಿತ್ತು. ಒಂದು ಸುತ್ತು ಬಟ್ಟೆ ಬಿಚ್ಚಿದ್ದರೆ ಸಾಕಿತ್ತು, ನಮ್ಮ ಜನರ ಮುಂದೆ ನಾನು ಮತ್ತೆ ತಲೆ ಎತ್ತುವ ಹಾಗಿರಲಿಲ್ಲ, ಅಂಗಡಿಯೂ ಉಳಿಯುತ್ತಿರಲಿಲ್ಲ. ಬಿಚ್ಚಲಿಲ್ಲ ಆ ಮನುಷ್ಯ. ನನ್ನ ಮಾನ ಉಳಿಸಿ ತಮ್ಮ ಕುಲುಮೆ ಆರಿಸಿಕೊಂಡರು. ಅದು ದೊಡ್ಡತನ ಅಂತ ಎಲ್ಲರೂ ಅಂದಾರು. ನನಗೆ ಇವತ್ತಿಗೂ ಅವರ ಮೇಲೆ ಸಿಟ್ಟಿದೆ. ಬಿಚ್ಚಬೇಕಿತ್ತು. ಬಿಚ್ಚಿ ನನ್ನ ಮುಖಕ್ಕೆ ಉಗಿದು, ಒಂದನ್ನು ಬೂದಿಕೋಟೆಯವನ ಕೈಗೆ ಕೊಡಬೇಕಿತ್ತು...

ಮೊಮ್ಮಗ ಬಂದು ಪಕ್ಕದಲ್ಲಿ ಕೂತ. ಕಂಪನಿಯವರನ್ನು ಬೈಯುತ್ತಿದ್ದವನು ಇದ್ದಕ್ಕಿದ್ದಂತೆ ಯಾಕೆ ಸುಮ್ಮನಾದೆ ಅಂತ ಕೇಳಿದ. ಎರಡೂ ಕತ್ತಿಯನ್ನು ಒಂದೊಂದಾಗಿ ಬಿಡಿಸಿ ಬೆಳಕಿಗೆ ಹಿಡಿದು, ಹೆಬ್ಬೆರಳಿನ ಉಗುರಿನ ಮೇಲೆ ಸವರಿ ನೋಡಿದ.

'ಇವೆರಡರಲ್ಲಿ ಚೆನ್ನಾಗಿರೋದು ಯಾವುದು ತಾತ?'

'ಎರಡೂ ಒಂದೇ' ಅಂದೆ. ಬಾಯಲ್ಲಿ ಅಷ್ಟು ಸುಲಭವಾಗಿ ಬಂತು. ಉರಿಗಾಂನ ಆ ಚಪ್ಪರ ಬಿದ್ದುಹೋಗಿ ಎಷ್ಟೋ ವರ್ಷವಾಯಿತು.