ಅಜ್ಜನಿಗೆಂದು ಕಡಿದ ಬಿದಿರು

ನಾನು ಹುಟ್ಟು ಪುಕ್ಕಲ. ಅಂಥವನನ್ನು ಹಿಡಿದು ಪೋಲ್‌ವಾಲ್ಟಿಗೆ ಹಾಕಿದ್ದು ಶಿಕಾರಿಪುರದ ಹೈಸ್ಕೂಲಿನ ಡ್ರಿಲ್ ಮಾಸ್ತರರು. ಐವತ್ತರ ದಶಕದ ಕೊನೆ. ಆಗ ಕೋಲು ಎಂದರೆ ಬಿದಿರು, ಬೀಳುವುದಕ್ಕೆ ಹುಲ್ಲು ಹಾಸಿದ ಮರಳಿನ ಗುಂಡಿ. ಸ್ಕೂಲಿನ ಬಿದಿರು ತೆಳ್ಳಗಿತ್ತು, ಊರಿ ನೆಗೆದರೆ ಬಳುಕಿ ಕಿರ್ರೆನ್ನುತ್ತಿತ್ತು. ಹಿಂದಿನ ವರ್ಷ ಅಂಥದೇ ಒಂದು ಮುರಿದು, ಅದರ ಸೀಳು ಮೇಲಿನ ಕ್ಲಾಸಿನ ಹುಡುಗನ ತೋಳಿಗೆ ಹೊಕ್ಕಿದ್ದನ್ನು ಕಣ್ಣಾರೆ ಕಂಡಿದ್ದೆ. ಅಂದಿನಿಂದ ಬಿದಿರು ಕಿರ್ರೆಂದರೆ ನನ್ನ ಕೈ ತಾನಾಗಿ ಕೆಳಕ್ಕೆ ಜಾರುತ್ತಿತ್ತು.

“ಅಷ್ಟು ಕೆಳಗ ಹಿಡಿದ್ರೆ ಬೇಲಿ ಹಾರಬೋದು, ಅಷ್ಟೇ,” ಎಂದು ಮಾಸ್ತರರು ರೇಗಿದರು. “ಸೊರಬದಾಗ ಪಂದ್ಯ ಐತಿ. ಗಟ್ಟಿ ಬಿದಿರು ಹುಡುಕ್ಕೊಂಡು ಬಾ.”

ಗಟ್ಟಿ ಬಿದಿರು ನಮ್ಮ ಮನೆಯಲ್ಲೇ ಇತ್ತು, ಆದರೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಅಜ್ಜ ಜ್ವರದಲ್ಲಿ ಮಾತು ನಿಂತು ಮಲಗಿದಾಗ, ಇನ್ನು ಮುಗಿಯಿತೆಂದು ದೊಡ್ಡಪ್ಪ ಅವಸರಪಟ್ಟು ಚಟ್ಟಕ್ಕೆ ಎರಡು ಬಿದಿರು ಕಡಿಸಿ ತಂದುಬಿಟ್ಟರು. ಮರುದಿನ ಅಜ್ಜ ಕಣ್ಣು ಬಿಟ್ಟು ಗಂಜಿ ಕೇಳಿದ. ಮುಟ್ಟಿದವರ ಪಾಲಿಗೇ ಚಟ್ಟ ಬರುತ್ತದೆಂದು ಹೆದರಿ, ಬಿದಿರನ್ನು ಒಲೆಗೂ ಹಾಕಲಿಲ್ಲ, ಬೇಲಿಗೂ ಕಟ್ಟಲಿಲ್ಲ. ಒಂದಕ್ಕೆ ಹುಳ ಬಿದ್ದು ಪುಡಿಯಾಯಿತು. ಇನ್ನೊಂದು ಅಂಗಳದಾಚೆ ಕೊಟ್ಟಿಗೆಗೆ ಒರಗಿ ನಿಂತಲ್ಲೇ ಒಣಗಿ ಕಬ್ಬಿಣದಂತಾಯಿತು. ಅಜ್ಜ ಆಗಿನಿಂದ ಜಗಲಿಯಲ್ಲಿ ಗೋಡೆ ಕಡೆ ಮುಖ ಮಾಡಿಯೇ ಮಲಗುತ್ತಿದ್ದ. ವಯಸ್ಸಾಯಿತು, ಸಿಡುಕು ಎಂದುಕೊಂಡಿದ್ದೆವು.

ಪಂದ್ಯದ ದಿನ ನಸುಕಿನಲ್ಲಿ, ಅವ್ವ ಏಳುವ ಮೊದಲು, ಅದನ್ನು ಹೆಗಲಿಗೆ ಹಾಕಿದೆ.

“ಹೆದ್ರಿಕಿ ಆಗ್ತತೇನೋ?” ಜಗಲಿಯಿಂದ ಅಜ್ಜನ ದನಿ.

ನನ್ನ ಜೀವವೇ ಹೋದಂತಾಯಿತು. “ಹೂಂ, ಅಜ್ಜ.”

“ನಂಗೂ ಆಗ್ತತಿ. ಕಣ್ಣು ಬಿಟ್ರೆ ಅದೇ ಕಾಣ್ತತಿ. ಯಾರಿಗೆ ಹೇಳ್ಲಿ, ನಗ್ತಾರ. ತಗಂಡು ಹೋಗು, ಒಂದಿನನಾರ ಮುಂದಿಲ್ದಂಗ ಆಗ್ಲಿ.”

ಬಸ್ಸಿನ ಮೇಲೆ ಬಿದಿರು ಕಟ್ಟಿಸಿ ಸೊರಬ ಮುಟ್ಟುವವರೆಗೂ ಆ ಮಾತೇ ಕಿವಿಯಲ್ಲಿತ್ತು. ಮೈದಾನದಲ್ಲಿ ಮಾಸ್ತರರು ಬಿದಿರನ್ನು ಒತ್ತಿ ನೋಡಿ ಖುಷಿಯಾದರು. ಅದರ ಕತೆ ಅವರಿಗೆ ಗೊತ್ತಿರಲಿಲ್ಲ. ನಾನು ಹಿಡಿಯಬೇಕಾದಲ್ಲಿ ಬಟ್ಟೆಚೂರು ಕಟ್ಟಿ ಹೇಳಿದರು: “ಮ್ಯಾಲೆ ಹಿಡಿದಷ್ಟೂ ಎತ್ತರ. ಆದ್ರ ಇದು ಬಾಗೋ ಬಿದಿರಲ್ಲ. ಓಟ ಕಮ್ಮಿ ಆತೋ, ನೆಟ್ಟಗ ನಿಂತು ನಿನ್ನ ಹಿಂದಕ್ಕ ಕೆಡವ್ತತಿ.”

ಹಿಂದೆ ಇದ್ದದ್ದು ಕಲ್ಲಿನಂಥ ನೆಲ. ನಾನು ಬಟ್ಟೆಗಿಂತ ಒಂದು ಗೇಣು ಕೆಳಗೆ ಹಿಡಿದೇ ಹಾರುತ್ತಾ ಬಂದೆ. ಕೊನೆಗೆ ಅಡ್ಡಕೋಲು ಆ ಹಿಡಿತಕ್ಕೆ ಸಿಗದಷ್ಟು ಮೇಲೇರಿತು. ಉಳಿದವರು ನಾವಿಬ್ಬರು, ಇನ್ನೊಬ್ಬ ಮೂರು ಸಲವೂ ಕೆಡವಿದ. ನಾನು ಎರಡು ಸಲ ಕೆಡವಿದ್ದೆ. ಬಟ್ಟೆಗಿಂತ ನಾಲ್ಕು ಬೆರಳು ಮೇಲೆ ಹಿಡಿದು, ಓಡಿದೆ. ಊರಿದೆ. ಬಿದಿರು ನೆಟ್ಟಗೆ ನಿಂತೇಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ದೊಡ್ಡಪ್ಪ ಇದನ್ನು ಕಡಿಸಿದ್ದು ನನಗೇ ಎಂದುಕೊಂಡೆ. ಆಮೇಲೆ ಕಂಡದ್ದು ಬಾಯಿಗೆ ಬಂದ ಹುಲ್ಲು, ಮತ್ತು ಮೇಲೆ ಅಲುಗದ ಅಡ್ಡಕೋಲು.

“ಶಿವಮೊಗ್ಗದ ಪಂದ್ಯಕ್ಕೂ ಇದೇ ಬೇಕು, ಜ್ವಾಪಾನ,” ಎಂದರು ಮಾಸ್ತರರು. ನನಗೂ ಗೊತ್ತಿತ್ತು, ಅಷ್ಟು ಮೇಲೆ ನನ್ನ ಕೈ ಹೋಗುವ ಬಿದಿರು ಇನ್ನೊಂದು ಸಿಗುವುದಿಲ್ಲವೆಂದು. ಆದರೂ ಸೊರಬದ ಬಸ್ ಸ್ಟ್ಯಾಂಡಿನ ಹೋಟೆಲಿನ ಹಿಂದೆ ಅದನ್ನು ಒರಗಿಸಿ, ಗದ್ದಲದಲ್ಲಿ ಬಸ್ ಹತ್ತಿದೆ. ಶಿವಮೊಗ್ಗದಲ್ಲಿ ಸ್ಕೂಲಿನ ತೆಳು ಬಿದಿರನ್ನು ಕೆಳಗೆ ಹಿಡಿದು ಎಲ್ಲರಿಗಿಂತ ಕೊನೆಯವನಾದೆ.

ಸೊರಬದಿಂದ ಬಂದ ಸಂಜೆಯೇ ಅಜ್ಜ ನನ್ನ ಖಾಲಿ ಹೆಗಲನ್ನು ನೋಡಿದ್ದ.

“ಬಿದಿರೆಲ್ಲೋ?”

“ಮುರೀತು, ಅಜ್ಜ. ಎರಡು ತುಂಡಾತು.”

ಊಟವಾದ ಮೇಲೆ ಅಜ್ಜ ಹಾಸಿಗೆ ಬಿಡಿಸಿ, ಅಂಗಳದ ಕಡೆ ಮುಖ ಮಾಡಿ ಮಲಗಿದ.