ಕೊನೆಯ ಹಾಳೆಯ ಪೆನ್ಸಿಲ್ ಸಾಲು

ಪುಣೆಯಲ್ಲಿ ನಮ್ಮ ಕನ್ನಡ ಸಂಘದ ಸಭಾಗೃಹದ ಹಿಂದೆ ಎರಡು ಕೋಣೆಗಳಿವೆ. ಒಂದರಲ್ಲಿ ಮಡಚಿಟ್ಟ ಕುರ್ಚಿಗಳು, ಇನ್ನೊಂದರಲ್ಲಿ ಗ್ರಂಥಾಲಯ. ನಾನು ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಅದರ ಬೀಗದ ಕೈ ನನಗೆ ಬಂತು. ಬಂತು ಅನ್ನುವುದಕ್ಕಿಂತ, ಬೇರೆಯವರೆಲ್ಲ ಬೇಡವೆಂದದ್ದಕ್ಕೆ ನನ್ನ ಹತ್ತಿರ ಉಳಿಯಿತು. ನಾನು ಇದೇ ಊರಲ್ಲಿ ಹುಟ್ಟಿ ಮರಾಠಿ ಶಾಲೆಯಲ್ಲಿ ಕಲಿತವನು. ನನ್ನ ಕನ್ನಡವೆಲ್ಲ ಧಾರವಾಡದಿಂದ ಬಂದ ಅಜ್ಜಿ ಮತ್ತು ಸೋದರತ್ತೆ ಅಕ್ಕಿ ಆರಿಸುತ್ತ ಆಡಿದ ಮಾತು. ಅಕ್ಷರ ತಿದ್ದಿಸಿದವರೂ ಅವರೇ, ಮೊರದ ಅಕ್ಕಿಯಲ್ಲಿ ನನ್ನ ಬೆರಳು ಹಿಡಿದು. ಹಾಗಾಗಿ ಕನ್ನಡ ಪುಸ್ತಕವೆಂದರೆ ನನಗೆ ದೇವರ ಮನೆಯ ವಸ್ತು. ಅದರ ಮೇಲೆ ಯಾರಾದರೂ ಗೀಚಿದರೆ ಮೈ ಉರಿಯುತ್ತಿತ್ತು.

ನಮ್ಮಲ್ಲಿ ಗೀಚುತ್ತಿದ್ದವರು ಮಕ್ಕಳಲ್ಲ, ಅವರ ಅಜ್ಜಿಯರು. ಧಾರವಾಡ, ಬೆಳಗಾವಿ ಕಡೆಯಿಂದ ಮದುವೆಯಾಗಿ ಬಂದು, ವಾರವೆಲ್ಲ ಹೊರಗೆ ಮರಾಠಿ ಆಡಿ ದಣಿದವರು. ಶನಿವಾರ ಮಧ್ಯಾಹ್ನ ಅಡಿಗೆಮನೆ ಒರೆಸಿಟ್ಟು ಕಾದಂಬರಿ ಬದಲಿಸಲು ಬರುತ್ತಿದ್ದರು. ಪುಸ್ತಕ ಓದಿ ಮುಗಿಸಿದ ಮೇಲೆ ಕೊನೆಯ ಖಾಲಿ ಹಾಳೆಯಲ್ಲಿ ಮುಂದೆ ಓದುವವಳಿಗೆ ಪೆನ್ಸಿಲಿನಿಂದ ಒಂದು ಸಾಲು ಬರೆದಿಡುವುದು ಅವರ ರೂಢಿ. ಯಾವ ಕಾಲದಲ್ಲಿ, ಯಾರು ಶುರುಮಾಡಿದರೋ ಗೊತ್ತಿಲ್ಲ. "ಕಡೀಕ ಸಾಯ್ತಾಳ, ಊಟಕ್ಕ ಮೊದಲ ಓದಬ್ಯಾಡ್ರಿ" ಎಂದು ಒಬ್ಬಳು ಬರೆದರೆ, ಕೆಳಗೆ ಇನ್ನೊಬ್ಬಳು, "ಸಾಯೂದು ನೀವ ಹೇಳಿದ ಮ್ಯಾಲೆ ನಾವ್ಯಾಕ ಓದಬೇಕು?" ಅದರ ಕೆಳಗೆ ಮೂರನೆಯವಳು, "ಸಾಯೂದಿರ್ಲಿ, ಇದರಾಗಿನ ಅತ್ತಿ ಥೇಟ್ ನಮ್ಮತ್ತಿ." ಯಾರೂ ಹೆಸರು ಹಾಕುತ್ತಿರಲಿಲ್ಲ. ಕೈಬರಹವೇ ಗುರುತು.

ನಾನು ಗೋಡೆಗೆ ‘ಪುಸ್ತಕದಲ್ಲಿ ಏನನ್ನೂ ಬರೆಯಬಾರದು’ ಎಂದು ಫಲಕ ಹಾಕಿಸಿದೆ. ಎರಡು ವಾರ ಕಳೆದು ಮರಳಿ ಬಂದ ಒಂದು ಕಾದಂಬರಿಯ ಹಿಂದೆ, "ಬೋರ್ಡ್ ಓದಿದೆ. ಈ ಕತಿ ಅದಕ್ಕಿಂತ ಚಲೋ ಅದ" ಎಂದಿತ್ತು.

ಆ ದುಂಡನೆಯ ಅಕ್ಷರ ದೌಂಡದ ಕಾಕುವಿನದು.

ಆಕೆಯ ಗಂಡ ರೈಲ್ವೆಯಲ್ಲಿದ್ದು ನಿವೃತ್ತರಾದವರು; ಚಿಕ್ಕಪ್ಪ ಚಿಕ್ಕಮ್ಮ ಅನ್ನುವ ಹಾಗೆ ಅವರಿಬ್ಬರನ್ನೂ ನಾವೆಲ್ಲ ಕಾಕಾ, ಕಾಕು ಎಂದೇ ಕರೆಯುತ್ತಿದ್ದೆವು. ಮಗ ಸೊಸೆಯ ಜೊತೆ ದೌಂಡದಲ್ಲೇ ಇದ್ದರು. ಗಂಡ ಹೆಂಡತಿ ಎರಡು ವಾರಕ್ಕೊಮ್ಮೆ ರೈಲಿನಲ್ಲಿ ಪುಣೆಗೆ ಬರುತ್ತಿದ್ದರು. ಕಾಕು ಅರಿವೆಯ ಚೀಲದಿಂದ ನಾಲ್ಕು ಪುಸ್ತಕ ತೆಗೆದಿಟ್ಟು ಬೇರೆ ನಾಲ್ಕು ತುಂಬಿಕೊಳ್ಳುವವರೆಗೆ ಕಾಕಾ ಹೊರಗಿನ ಬೆಂಚಿನ ಮೇಲೆ ಪೇಪರ್ ಬಿಡಿಸಿಕೊಂಡು ಕೂತಿರುತ್ತಿದ್ದರು. ನೀವೂ ಒಂದು ಒಯ್ಯಿರಿ ಎಂದು ನಾನು ಹೇಳಿದರೆ, "ಮನ್ಯಾಗ ಇಬ್ಬರೂ ಓದಕೋತ ಕೂತ್ರ ಚಹಾ ಮಾಡವರ್ಯಾರ್ರಿ?" ಅನ್ನುತ್ತಿದ್ದರು. ಕಾಕು ಓದುವಾಗ ಚಹಾ ಮಾಡಿಕೊಡುತ್ತಿದ್ದವರು ಅವರೇ ಎಂಬುದು ಎಲ್ಲರಿಗೂ ಗೊತ್ತಿತ್ತು.

ಕಾಕು ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ತೀರಿಕೊಂಡ ಎರಡು ತಿಂಗಳಿಗೆ ಕಾಕಾ ಅದೇ ಚೀಲ ಹಿಡಿದು ಒಬ್ಬರೇ ಬಂದು ಮೇಜಿನ ಮೇಲೆ ಮೂರು ಪುಸ್ತಕ ಇಟ್ಟರು. ನಾಲ್ಕನೆಯದನ್ನು ತಾವು ಓದುತ್ತಿರುವುದಾಗಿ ಹೇಳಿ ತಮ್ಮ ಹೆಸರಿಗೆ ಬರೆಸಿಕೊಂಡರು. ಆಮೇಲೆ ರಿಜಿಸ್ಟರಿನಲ್ಲಿ ಕಾಕುವಿನ ಹೆಸರಿನ ಪುಟ ತೆಗೆಯಲು ಹೇಳಿ, ಆಕೆ ಒಯ್ದ ಪುಸ್ತಕಗಳನ್ನು ಒಂದೊಂದಾಗಿ ಕೊಡಿ ಎಂದರು. ನಾನು ಪಟ್ಟಿ ಮಾಡಿದೆ. ಹೆಂಡತಿಯ ನೆನಪಿಗೆ ಓದುತ್ತಾರೆ ಎಂದುಕೊಂಡೆ. ಅದರ ಒಳಗುಟ್ಟು ನನಗೆ ತಿಳಿದದ್ದು ತಡವಾಗಿ. ನಿಮಗೆ ಈಗಲೇ ಹೇಳಿಬಿಡುತ್ತೇನೆ. ಪ್ರತಿ ಪುಸ್ತಕದ ಕೊನೆಯಲ್ಲಿ ಕಾಕುವಿನ ಒಂದು ಸಾಲು ಇರುತ್ತಿತ್ತು. ಪೂರಾ ಓದಿ ಮುಗಿಸದೆ ಅದನ್ನು ನೋಡಬಾರದೆಂದು ಕಾಕಾ ತಮಗೆ ತಾವೇ ನೇಮ ಹಾಕಿಕೊಂಡಿದ್ದರು. ಪೇಪರ್ ಬಿಟ್ಟರೆ ಏನನ್ನೂ ಓದದ ಮನುಷ್ಯ ಬೆರಳಿಟ್ಟು ಮುನ್ನೂರು ಪುಟ ದಾಟಿ ಹೋಗುತ್ತಿದ್ದದ್ದು ಆ ಒಂದು ಸಾಲಿಗಾಗಿ.

ಅದೇ ದಿನಗಳಲ್ಲಿ ಒಂದು ದತ್ತಿ ಸಂಸ್ಥೆ ಸಣ್ಣ ಗ್ರಂಥಾಲಯಗಳಿಗೆ ಸಣ್ಣ ಅನುದಾನ ಕೊಡುತ್ತದೆಂದು ತಿಳಿದು ನಾನು ಅರ್ಜಿ ಹಾಕಿದೆ. ಪುಸ್ತಕಗಳು ಎಷ್ಟು ಹಾಳಾಗಿವೆ ಎಂಬುದಕ್ಕೆ ಫೋಟೋ ಕೇಳಿದ್ದರು. ಎಲ್ಲಕ್ಕಿಂತ ಹೆಚ್ಚು ಗೀಚಿದ್ದ ಒಂದು ಕೊನೆಯ ಹಾಳೆಯನ್ನು ಹುಡುಕಿ ಫೋನಿನಲ್ಲಿ ಫೋಟೋ ತೆಗೆದೆ. ಆರೇಳು ಕೈಬರಹ ಒಂದರ ಮೇಲೊಂದು ಹತ್ತಿ ಕೂತಿದ್ದವು. ಎಲ್ಲಕ್ಕೂ ಕೆಳಗೆ ದುಂಡನೆಯ ಅಕ್ಷರದಲ್ಲಿ, "ಇದನ್ನ ಗಂಡಸರು ಓದಬೇಕು. ನಮ್ಮನಿಯವರಿಗೆ ಪೇಪರ್ ಬಿಟ್ರ ಬ್ಯಾರೆ ಅಕ್ಷರ ಕಣ್ಣಿಗೆ ಬೀಳೂದಿಲ್ಲ" ಎಂದಿತ್ತು. ಓದಿ ನಕ್ಕೆ. ನಕ್ಕು, ಫೋಟೋದ ಕೆಳಗೆ ‘ಓದುಗರು ಗೀಚಿ ಕೆಡಿಸಿದ ಪುಟ’ ಎಂದು ಬರೆದು ಕಳಿಸಿದೆ.

ಅನುದಾನ ಬಂತು. ಮೊತ್ತ ಸಣ್ಣದು, ನಮ್ಮ ಕೋಣೆಗೆ ದೊಡ್ಡದು. ಎರಡು ಟ್ಯೂಬ್‌ಲೈಟ್, ಒಂದು ಫ್ಯಾನು, ಮಕ್ಕಳಿಗೆ ಕೂರಲು ಜಮಖಾನೆ, ಉಳಿದದ್ದರಲ್ಲಿ ಹರಿದ ಪುಸ್ತಕಗಳಿಗೆಲ್ಲ ಹೊಸ ಬೈಂಡಿಂಗ್. ಪೇಟೆಯ ಓಣಿಯೊಂದರ ಬೈಂಡರನಿಗೆ ಚೀಲಗಟ್ಟಲೆ ಕೊಟ್ಟು ಬಂದೆ. ಮರುದಿನ ಅವನು ಫೋನ್ ಮಾಡಿ, ಹಿಂದಿನ ಹಾಳೆಗಳಲ್ಲಿ ಏನೇನೋ ಬರೆದಿದೆ, ಇಡಬೇಕೋ ತೆಗೆಯಬೇಕೋ ಎಂದು ಮರಾಠಿಯಲ್ಲಿ ಕೇಳಿದ. ತೆಗೆದು ಬಿಳಿ ಹಾಳೆ ಹಾಕು ಎಂದೆ. ಯೋಚನೆ ಕೂಡ ಮಾಡಲಿಲ್ಲ.

ಅನುದಾನದಿಂದ ಒಳ್ಳೆಯದಾಗಲಿಲ್ಲ ಎಂದರೆ ನಾಲಿಗೆ ಬಿದ್ದೀತು. ದಾರ ಕಟ್ಟಿಸಿಕೊಂಡು ಮಲಗಿದ್ದ ಪುಸ್ತಕಗಳು ಎದ್ದು ನಿಂತವು. ಭೋಸರಿಯ ಕಾರ್ಖಾನೆಯ ಕೆಲಸಗಾರನೊಬ್ಬ ವಾರಕ್ಕೆ ಎರಡು ಒಯ್ಯತೊಡಗಿದ. ಬೆಂಗಳೂರು ಕಡೆಯ ಐಟಿ ಹುಡುಗಿಯೊಬ್ಬಳು ತನ್ನ ಮಗಳನ್ನು ಜಮಖಾನೆಯ ಮೇಲೆ ಕೂರಿಸಿ, "ಅಂಕಲ್, ಈಗ ಲೈಬ್ರರಿ ಥರ ಕಾಣ್ತಿದೆ" ಎಂದಳು. ನಾನು ಉಬ್ಬಿಹೋದೆ. ಶನಿವಾರದ ಹೆಂಗಸರು ಮಾತ್ರ ಪುಸ್ತಕದ ಹಿಂಬದಿ ತೆರೆದು ನೋಡಿ ಮುಚ್ಚಿದರು. ಆ ಹೊಸ ಹಾಳೆಗಳ ಮೇಲೆ ಒಬ್ಬರೂ ಪೆನ್ಸಿಲ್ ಇಡಲಿಲ್ಲ. ನನ್ನ ಫಲಕಕ್ಕೆ ಕೊನೆಗೂ ಬೆಲೆ ಬಂತೆಂದು ತಿಳಿದೆ.

ಕಾಕಾ ಪಟ್ಟಿಯ ಮುಂದಿನ ಪುಸ್ತಕ ಒಯ್ದರು. ಹೊಸ ಬೈಂಡಿಂಗಿನ ಮೊದಲನೆಯದು. ಎರಡು ವಾರ ಬಿಟ್ಟು ಬಂದವರು ಒಳಗೆ ಬರಲಿಲ್ಲ. ಬೆಂಚಿನ ಮೇಲೆ ಕೂತಿದ್ದರು. ನಾನೇ ಹೊರಗೆ ಹೋದೆ.

"ಸಾಹೇಬ್ರ, ಇದರ ಹಿಂದಿನ ಹಾಳಿ ಎಲ್ಲೆದರಿ?"

ಹೊಸದು ಹಾಕಿಸಿದ್ದನ್ನು ಗಮನಿಸಿದರಲ್ಲ ಎಂದು ನನಗೆ ಹಿಗ್ಗು. "ಹಳೇದು ಹೊಲಸಾಗಿತ್ತು ಕಾಕಾ. ಎಲ್ಲಾ ಗೀಚಿ ಇಟ್ಟಿದ್ರು."

"ಹೌದರಿ," ಎಂದರು. "ಗೀಚಿದಾಕಿ ನಮ್ಮಾಕಿ."

ಆಗ ತಮ್ಮ ನೇಮದ ಸಂಗತಿ ಹೇಳಿದರು. ಮೆಲ್ಲಗೆ, ಅಂಗೈಯಿಂದ ರಟ್ಟನ್ನು ಸವರುತ್ತ. "ಓದೂ ಮುಂದ ತಲ್ಯಾಗ ಅದ ಒಂದರಿ, ಕಡೀಕ ಏನಂತಾಳೋ ಅಂತ. ನಿನ್ನೆ ಮುಗಸಿದೆ. ಈ ಸಲ ಆಕಿ ಏನೂ ಅನ್ನಲಿಲ್ಲ."

ಉಳಿದವುಗಳನ್ನೂ ಹೀಗೇ ಮಾಡಿಸಿದ್ದೀರೇನು ಎಂದು ಕೇಳಿದರು. ಪಟ್ಟಿ ನನಗೆ ಬಾಯಿಪಾಠವಿತ್ತು. ಹೆಚ್ಚು ಓದಿದ ಪುಸ್ತಕವೇ ಹೆಚ್ಚು ಹರಿದಿರುತ್ತದಲ್ಲ, ಕಾಕು ಓದಿದ್ದು ಒಂದೂ ಬಿಡದಂತೆ ಬೈಂಡರನ ಕೈಗೆ ಹೋಗಿತ್ತು. ನಾನು ತಲೆಯಾಡಿಸಿದೆ. ಅವರು ಬೈಯಲಿಲ್ಲ. ರೈಲಿಗೆ ಹೊತ್ತಾಯಿತೆಂದು ಎದ್ದರು. ಏನಾದರೂ ಮಾಡಲು ಹೋಗಿ ಕೆಟ್ಟಾಗ ಸೋದರತ್ತೆ, "ಗಣಪ್ಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಿ" ಎಂದು ನನ್ನ ತಲೆಗೆ ಮೊಟಕುತ್ತಿದ್ದಳು. ಅವತ್ತು ಮೊಟಕುವವರೂ ಇರಲಿಲ್ಲ.

ಮರುದಿನ ಬೈಂಡರನ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತೆ. ಕಿತ್ತ ಹಾಳೆಗಳು ಆ ತಿಂಗಳೇ ರದ್ದಿಗೆ ಹೋಗಿದ್ದವು. ರದ್ದಿಯವನಲ್ಲಿ ಕೇಳಿದರೆ ಲಾರಿ ಹೋಗಿ ಎಷ್ಟೋ ದಿನವಾಯಿತೆಂದ. ಬೈಂಡರ್ ಒಳ್ಳೆಯ ಮನುಷ್ಯ, ಗೋಣಿಚೀಲ ಕೊಡವಿ ತೋರಿಸಿದ. ತಾನು ಕೇಳಿಯೇ ತೆಗೆದದ್ದು ಎಂದು ಒಂದೇ ಸಲ ಹೇಳಿದ. ನಿಜ, ಕೇಳಿದ್ದ.

ಮನೆಗೆ ಬರುವ ಬಸ್ಸಿನಲ್ಲಿ ಫೋಟೋ ನೆನಪಾಯಿತು. ಕೆಟ್ಟ ಹಾಳೆಯೆಂದು ಸಾಕ್ಷಿಗೆ ಕಳಿಸಿದ್ದು ಅದೊಂದೇ ಉಳಿದಿತ್ತು. ಆ ಪುಸ್ತಕ ಕಾಕಾರ ಪಟ್ಟಿಯಲ್ಲಿ ಇನ್ನೂ ಮುಂದೆ ಇತ್ತು. ಫೋಟೋ ಅಂಗಡಿಯಲ್ಲಿ ಪ್ರತಿ ಹಾಕಿಸಿ ಲಕೋಟೆಯಲ್ಲಿಟ್ಟು, ಬಾಯಿ ಅಂಟಿಸಿ, ಪುಸ್ತಕದ ಹಿಂದಿನ ರಟ್ಟಿಗೆ ಒಳಗಿನಿಂದ ಅಂಟಿಸಿದೆ. ಆದರೆ ಆ ಸಾಲು! ಇರುವುದೊಂದು, ಅದೂ ಅವರನ್ನೇ ಚುಚ್ಚುವ ಮಾತು. ಕೊಡಬೇಕೋ ಬೇಡವೋ ಎಂದು ಎರಡು ವಾರ ಒದ್ದಾಡಿದೆ. ಅದು ಗಂಡ ಹೆಂಡಿರ ನಡುವಿನ ಮಾತು, ತಡೆಯಲು ನಾನ್ಯಾರು ಎಂದು ಕೊನೆಗೆ ಕೊಟ್ಟೆ.

ಕಾಕಾ ಲಕೋಟೆಯ ಮೇಲೆ ಬೆರಳಾಡಿಸಿದರು. "ಇದೊಂದ ಉಳದದೇನ್ರಿ?"

"ಇದೊಂದ ಕಾಕಾ."

ಈ ವರ್ಷ ದತ್ತಿ ಸಂಸ್ಥೆಯ ಫಾರ್ಮು ಮತ್ತೆ ಬಂತು. ಕಳೆದ ಅನುದಾನದಿಂದ ಓದುಗರಿಗೆ ಆದ ಉಪಯೋಗ ಬರೆಯಿರಿ ಎಂದಿತ್ತು. ಭೋಸರಿಯವನನ್ನು ಬರೆದೆ, ಜಮಖಾನೆಯ ಮೇಲಿನ ಮಕ್ಕಳನ್ನು ಬರೆದೆ. ಒಂದೂ ಸುಳ್ಳಲ್ಲ. ಫಲಕವನ್ನು ತೆಗೆದು ಕುರ್ಚಿಗಳ ಕೋಣೆಯಲ್ಲಿಟ್ಟು, ಮೇಜಿನ ಮೇಲೆ ಚೂಪು ಮಾಡಿದ ಪೆನ್ಸಿಲ್ ಇಟ್ಟಿದ್ದೇನೆ. ಹೆಂಗಸರು ಅದರಿಂದ ರಿಜಿಸ್ಟರಿಗೆ ಸಹಿ ಹಾಕಿ ಹೋಗುತ್ತಾರೆ.

ಕಾಕಾ ಈಗಲೂ ಎರಡು ವಾರಕ್ಕೊಮ್ಮೆ ಬರುತ್ತಾರೆ. ಅದೇ ಪುಸ್ತಕ ತರುತ್ತಾರೆ, ಅದನ್ನೇ ಮತ್ತೆ ಬರೆಸಿಕೊಳ್ಳುತ್ತಾರೆ. ಗುರುತಿಗೆ ಒಂದು ರೈಲು ಟಿಕೆಟ್ ಇಟ್ಟುಕೊಂಡಿದ್ದಾರೆ. ಕೊನೆಗೆ ಹತ್ತು ಪುಟ ಇರುವಲ್ಲಿಗೆ ಬಂದ ಆ ಟಿಕೆಟ್ ಎಷ್ಟೋ ಶನಿವಾರಗಳಿಂದ ಅಲ್ಲೇ ನಿಂತಿದೆ. ಲಕೋಟೆಯ ಬಾಯಿ ಅಂಟಿದ್ದು ಅಂಟಿದಂತಿದೆ.

"ಇನ್ನ ಸ್ವಲ್ಪ ಉಳದದರಿ," ಅನ್ನುತ್ತಾರೆ, ನನ್ನ ಮುಖ ನೋಡದೆ.

ಎರಡು ಸಲಕ್ಕಿಂತ ಹೆಚ್ಚು ಮುಂದುವರಿಸಬಾರದೆಂದು ನಮ್ಮ ನಿಯಮ. ಹೋದ ಶನಿವಾರ ತಾರೀಖಿನ ಚೀಟಿಯಲ್ಲಿ ಮುದ್ರೆ ಒತ್ತಲು ಜಾಗ ಉಳಿದಿರಲಿಲ್ಲ. ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿ ಒತ್ತಿಕೊಟ್ಟೆ.