ಅರವತ್ತೊಂದು ಜನ, ಒಂದೇ ದೋಣಿ

ಮೇನಾ ಝೆರಾಫಾ ನಮ್ಮ ಬೀದಿಯ ಹುಡುಗಿ. ಅವಳಿಗೆ ಆನ್‌ಲೈನ್ ಬಾಜಿ ಕಂಪನಿಯಲ್ಲಿ ಮೋಸ ಹಿಡಿಯುವ ಕೆಲಸ. ಒಬ್ಬನೇ ಹತ್ತು ಹೆಸರಲ್ಲಿ ಖಾತೆ ತೆರೆಯಲಿ, ಮೊದಲೇ ಒಳಒಪ್ಪಂದವಾದ ಆಟಕ್ಕೆ ದುಡ್ಡು ಸುರಿಯಲಿ, ಅವಳ ಕಣ್ಣು ತಪ್ಪಿಸಲಾಗದು. ಮೀನಂಗಡಿಯ ತಕ್ಕಡಿಯನ್ನೂ ಅನುಮಾನದಿಂದಲೇ ನೋಡುವ ಜಾತಿ ಅವಳದು.

ನಮ್ಮ ದ್ವೀಪದ ಬಂದರಿನ ಸುತ್ತಲ ಊರುಗಳು ತಂತಮ್ಮ ದೋಣಿ ಇಳಿಸಿ ಹುಟ್ಟು ಹಾಕುವ ಸೆಪ್ಟೆಂಬರ್ ಪಂದ್ಯಕ್ಕೂ ಆ ವರ್ಷ ಕಂಪನಿ ಬಾಜಿ ತೆಗೆದುಕೊಂಡಿತು. ಸರಿ, ಭಾನುವಾರ ಇಗರ್ಜಿಯಲ್ಲಿ ಬಲಿಪೂಜೆ ಮುಗಿಸಿ ಊರ ಬ್ಯಾಂಡ್ ಕ್ಲಬ್ಬಿನಲ್ಲಿ ಸೇರಿದ ನಾವು, ಕ್ಲಬ್ಬಿನ ವೈಫೈಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಡುತ್ತ ಅರ್ಧ ಗಂಟೆಯಲ್ಲಿ ಅರವತ್ತೊಂದು ಖಾತೆ ತೆರೆದೆವು. ಎಲ್ಲರೂ ಕಟ್ಟಿದ್ದು ನಮ್ಮ ದೋಣಿಗೇ. ಸೋಮವಾರ ಬೆಳಿಗ್ಗೆ ಮೇನಾಳ ಕಂಪ್ಯೂಟರಿನ ತುಂಬ ಕೆಂಪು ಎಚ್ಚರಿಕೆಗಳು.

ಅವಳ ಮೇಲಧಿಕಾರಿ ಆಸ್ಗರ್ ಡೆನ್ಮಾರ್ಕಿನವನು. "ಒಂದೇ ಜಾಗ, ಒಂದೇ ಹೊತ್ತು, ಒಂದೇ ದೋಣಿ. ಪಂದ್ಯ ಫಿಕ್ಸ್ ಆಗಿದೆ ಮೇನಾ, ಅನುಮಾನವೇ ಇಲ್ಲ. ಎಲ್ಲ ಖಾತೆ ನಿಲ್ಲಿಸು," ಎಂದ.

"ಫಿಕ್ಸ್ ಮಾಡೋರು ಗೆಲ್ಲೋ ದೋಣಿಗೆ ಕಟ್ತಾರೆ ಕಣಪ್ಪ. ನಮ್ದು ಒಂಬತ್ತು ವರ್ಷದಿಂದ ಕೊನೇಲಿ ಬರ್ತಿದೆ."

"ಮತ್ಯಾಕೆ ಕಟ್ಟಿದ್ರು?"

"ನಮ್ಮೂರ ದೋಣಿ ಅಲ್ವಾ. ಬೇರೆಯವರದ್ದಕ್ಕೆ ಕಟ್ಟಿ ಆಮೇಲೆ ಬೀದೀಲಿ ಮುಖ ತೋರಿಸೋದು ಬೇಡ್ವಾ?"

ಅವನ ತಲೆಗೆ ಇದು ಹೋಗಲೇ ಇಲ್ಲ. ಮೇನಾ ಮೊಂಡು ಹಿಡಿದು, ವರದಿಯಲ್ಲಿ ಮೋಸವಿಲ್ಲ ಎಂದು ಬರೆದು ಸಹಿ ಹಾಕಿದಳು.

"ಆಯ್ತು. ಆದ್ರೆ ಆ ದೋಣಿ ಗೆದ್ರೆ ನೀನೂ ಅವರ ಜೊತೆ ಶಾಮೀಲು ಅಂತಾರೆ. ಕೆಲಸ ಹೋಗುತ್ತೆ," ಎಂದ ಆಸ್ಗರ್.

ಪಂದ್ಯದ ಮಧ್ಯಾಹ್ನ ಅವನೂ ದಡಕ್ಕೆ ಬಂದ, ಕೈಯಲ್ಲಿ ನಮ್ಮೂರ ಪಫ್ಸು, ಬಿಸಿ ಪಸ್ತಿಜ್ಜಿ ಹಿಡಿದುಕೊಂಡು. ಮೇನಾ ಮೆಲ್ಲಗೆ ಜೋಜಾ ದೊಡ್ಡಮ್ಮನ ಕಿವಿಯಲ್ಲಿ, "ಇವತ್ತೊಂದು ದಿನ ಸೋಲಲಿ ಅಂತ ಮಾತೆ ಹತ್ರ ಕೇಳ್ಕೊ," ಎಂದಳು.

"ಕೆಲಸ ಇನ್ನೊಂದು ಸಿಗುತ್ತೆ ಕಣೇ. ಮೊದಲು ಬಾಯಿ ತೊಳ್ಕೊಂಡು ಬಾ," ಎಂದಿತು ಮುದುಕಿ.

ಹಾಳಾದ ದೋಣಿ ಆವತ್ತೇ ಹಾರಬೇಕೇ. ಅರ್ಧ ದಾರಿಗೆ ಮೂರನೆಯದು, ಆಮೇಲೆ ಎರಡನೆಯದು, ಆಮೇಲೆ ನೋಡಿದರೆ ಮುಂದೆ ಯಾರೂ ಇಲ್ಲ. ಮೇನಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಿಂತಿದ್ದಳು. ಎಷ್ಟು ಹೊತ್ತು ತಡೆದಾಳು? ನನ್ನ ಕೈಯಲ್ಲಿದ್ದ ಬಾವುಟ ಕಿತ್ತುಕೊಂಡು ಕಟ್ಟೆ ಹತ್ತಿ, "ಎಳೀರೋ ಕತ್ತೆಗಳಾ, ಎಳೀರೋ," ಎಂದು ಗಂಟಲು ಹರಿಯುವಂತೆ ಕೂಗಿದಳು. ನಾವೆಲ್ಲ ಹುಚ್ಚೆದ್ದು ಕುಣಿದೆವು.

ಒಂದು ಮೊಳದಲ್ಲಿ ಸೋತೆವು.

ಮೇನಾ ಕಟ್ಟೆಯ ಮೇಲೇ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಅವಳ ಸುತ್ತ ಉಳಿದವರದೂ ಅದೇ ಗೋಳು.

"ಮೇನಾ, ನಿನ್ನ ಕೆಲಸ ಉಳೀತು," ಎಂದ ಆಸ್ಗರ್.

"ಬಾಯಿ ಮುಚ್ಕೊಂಡು ನಿಂತ್ಕೋ," ಎಂದಳು ಅವಳು, ಬಾವುಟದಲ್ಲಿ ಮೂಗು ಒರೆಸಿಕೊಳ್ಳುತ್ತ.

ಅವನು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಫೋನು ತೆಗೆದು ಅವಳ ವರದಿಯ ಕೆಳಗೆ, ಮೋಸವಿಲ್ಲ, ಕಣ್ಣಾರೆ ಕಂಡಿದ್ದೇನೆ ಎಂದು ಬರೆದು ನನಗೆ ಓದಿ ಹೇಳಿದ. ಅವನ ಸ್ವರ ಪೂರ್ತಿ ಒಡೆದುಹೋಗಿತ್ತು. ಅವನೂ ನಮ್ಮ ದೋಣಿಗಾಗಿ ಯಾವಾಗ ಕೂಗಲು ಶುರು ಮಾಡಿದ್ದನೋ, ನಾನು ಗಮನಿಸಿರಲಿಲ್ಲ.